ಎರಡನೇ ಗಂಟು

ಮಾರಯ್ಯ ಸತ್ತ ಅಕ್ಕ ಭೂತಮ್ಮನ ಕಾಲಿನ ಹೆಬ್ಬೆರಳುಗಳೆರಡನ್ನೂ ಜೋಡಿಸಿ ಹಿಡಿದು, ದಾರ ಸುತ್ತಿ, ಒಂದು ಗಂಟು ಹಾಕಿ, ಉಳಿದದ್ದನ್ನು ಹಲ್ಲಲ್ಲಿ ಕಡಿದ. ಆ ದಾರ ಎಲ್ಲಿಂದ ಬಂತೆಂದು ಅವಳ ಮಗಳು ರಂಗಕ್ಕನಿಗೆ ಆಗ ಗೊತ್ತಾಯಿತು. ಹೆಣದ ತಲೆದೆಸೆಯಲ್ಲಿ ಅಲ್ಯೂಮಿನಿಯಂ ಡಬ್ಬಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಸೂಲಗಿತ್ತಿ ಭೂತಮ್ಮನ ಜೊತೆ ದಬ್ಬೇಘಟ್ಟದ ಸುತ್ತಿನ ಹೆರಿಗೆಗಳಿಗೆಲ್ಲ ಹೋಗಿಬಂದ ಡಬ್ಬಿ. ಒಳಗೆ ಬ್ಲೇಡು, ಹೊಕ್ಕುಳಬಳ್ಳಿಗೆ ಕಟ್ಟುವ ದಾರದ ಉಂಡೆ, ಅಷ್ಟೆ.

"ಬೇರೆ ದಾರ ಸಿಗಲಿಲ್ವಾ ಮಾವ?"

"ಊರ ಮಕ್ಳಿಗೆಲ್ಲ ಕಟ್ಟಿದ್ಲು. ಅವಳಿಗೊಂದು ಗೇಣು ಬ್ಯಾಡ್ವಾ, ಬುಡು."

ಅಷ್ಟರಲ್ಲಿ ಕೇರಿಯ ಹೊರಗೆ, ಹೊಂಗೆ ಮರದ ಹತ್ತಿರ, ತೋಟದ ಮನೆ ಈರಣ್ಣ ನಿಂತಿರುವುದು ಕಾಣಿಸಿತು. ಒಳಗೆ ಬರಲಿಲ್ಲ. ಅವರ ಪೈಕಿ ಯಾರೂ ಬರುವುದಿಲ್ಲ. ರಂಗಕ್ಕ ಹೋದಳು. ಅವನು ನೆಲ ನೋಡುತ್ತಲೇ ಹೇಳಿದ: ಹೆಂಡತಿ ಚಿಕ್ಕಗೌರಮ್ಮನಿಗೆ ನೀರೊಡೆದಿದೆ, ಇನ್ನೂ ದಿನ ತುಂಬಿರಲಿಲ್ಲ, ಹೊಟ್ಟೆಯಲ್ಲಿ ಎರಡಿವೆ ಎಂದು ತುರುವೇಕೆರೆಯ ನರ್ಸಮ್ಮ ಹೇಳಿದ್ದಳು, ಬೆಳಗಿನ ಬಸ್ಸು ಹೋಗಿಬಿಟ್ಟಿದೆ, ಗಾಡಿ ಹೂಡಿದರೆ ಅವಳು ಕೂರಲಾರಳು.

"ಬಾರವ್ವ," ಎಂದ.

ಅವಳು ಹಿಂತಿರುಗಿ ಬಂದು ಹೇಳಿದಾಗ ಹೆಂಗಸರು ಗೊಣಗಿದರು. ಸೂತಕದ ಕೈಯಲ್ಲಿ ಹೆರಿಗೆಯೇ? ಮಾರಯ್ಯ ಎದ್ದು ಬಂದ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು, ಇರುವವಳು ನೀನೊಬ್ಬಳೇ ಮಗಳು, ಬಾಯಿಗೆ ಅಕ್ಕಿ ಹಾಕುವವರು ಯಾರು ಎಂದು ಕೇಳಿದ.

"ಅವ್ವ ಕಾಯ್ತಾಳೆ ಮಾವ. ಒಳಗಿರೋವು ಕಾಯಲ್ಲ."

ಡಬ್ಬಿ ಎತ್ತಿಕೊಂಡಳು. ಅವ್ವನಿಲ್ಲದೆ ಅವಳಿ ಹೆರಿಗೆಗೆ ಅವಳು ಯಾವತ್ತೂ ಕೈ ಹಾಕಿರಲಿಲ್ಲ.

*

ಆ ಡಬ್ಬಿಯನ್ನು ಮೊದಲ ಸಲ ಮಗಳ ಕೈಗೆ ಕೊಟ್ಟ ದಿನ ಭೂತಮ್ಮ ತನ್ನ ಹೆರಿಗೆಯ ಕತೆಯನ್ನು ಒಂದೇ ಒಂದು ಸಲ ಹೇಳಿದ್ದಳು.

ಇದೇ ತೋಟದ ಮನೆ. ಕೊಬ್ಬರಿ ಅಟ್ಟದ ಕೆಳಗೆ ಭೂತಮ್ಮ ಸಿಪ್ಪೆ ರಾಶಿ ಹಾಕುತ್ತಿದ್ದಾಗ ನೋವು ಬಂತು. ಕೂಗಿದಳು. ಈರಣ್ಣನ ತಾಯಿ ಪುಟ್ಟಗೌರಮ್ಮ ಬಾಗಿಲವರೆಗೆ ಬಂದು, ಮೈಲಿಗೆ ಅಂತ ಅಲ್ಲೇ ನಿಂತಳು. ಊರಿಗೆಲ್ಲ ಹೆರಿಗೆ ಮಾಡಿಸಿದವಳು ತನ್ನದನ್ನು ತಾನೇ ಮಾಡಿಕೊಂಡಳು. ಮೊದಲು ರಂಗಕ್ಕ ಬಂದಳು. ಮಗುವಿನ ಕಡೆ ಒಂದು ಗಂಟು ಹಾಕಿ, ಬಳ್ಳಿ ಕೊಯ್ದು, ಇನ್ನೊಂದು ತುದಿಯನ್ನು ಹಾಗೇ ಬಿಟ್ಟಳು. ಎಲ್ಲರೂ ಮಾಡುತ್ತಿದ್ದದ್ದು ಹಾಗೆಯೇ. ಆ ತುದಿಯಿಂದ ರಕ್ತ ಹರಿಯಿತು. ಹೆರಿಗೆಯ ರಕ್ತ ಅಂದುಕೊಂಡಳು. ಒಳಗೆ ಇನ್ನೊಂದಿದೆ ಅಂತ ತಿಳಿದದ್ದು ಅದು ಹೊರಬಂದಾಗಲೇ. ಅದೂ ಹೆಣ್ಣು. ಕೊಬ್ಬರಿ ಹೋಳಿನ ಹಾಗೆ ಬೆಳ್ಳಗಿತ್ತು, ಅಳಲಿಲ್ಲ.

ಹತ್ತು ವರ್ಷ ಕಳೆದ ಮೇಲೆ ಸೂಲಗಿತ್ತಿಯರನ್ನು ತುರುವೇಕೆರೆಗೆ ಕರೆಸಿ ನರ್ಸಮ್ಮ ಪಾಠ ಹೇಳಿದಳು: ಎರಡು ಕೂಸಿಗೂ ಮಾಸು ಒಂದೇ ಇರಬಹುದು, ತಾಯಿ ಕಡೆಯ ತುದಿಗೂ ಗಂಟು ಹಾಕಿ, ಇಲ್ಲದಿದ್ದರೆ ಒಳಗಿರುವುದರ ರಕ್ತ ಸೋರಿಹೋಗುತ್ತದೆ. ಭೂತಮ್ಮ ಪಾಠದ ನಡುವೆಯೇ ಎದ್ದು ಹೊರಗೆ ಹೋದಳಂತೆ.

ಆಮೇಲೆ ಒಂದೇ ಕೂಸಿದ್ದರೂ ಅವಳದು ಎರಡು ಗಂಟು.

*

ಪುಟ್ಟಗೌರಮ್ಮ ರಂಗಕ್ಕನ ತಲೆಗೆ ಬಾವಿ ನೀರು ಸುರಿಸಿ, ಗಂಜಲ ಚಿಮುಕಿಸಿ ಒಳಗೆ ಬಿಟ್ಟಳು. ದಾರದ ಉಂಡೆಯಿಂದ ಬೆಳಿಗ್ಗೆ ಒಂದು ಗೇಣು ಎಲ್ಲಿಗೆ ಹೋಯಿತೆಂದು ರಂಗಕ್ಕ ಬಾಯಿಬಿಡಲಿಲ್ಲ. ಉಂಡೆಯನ್ನು ಬ್ಲೇಡಿನ ಜೊತೆ ಕುದಿಯುವ ನೀರಿಗೆ ಹಾಕಿದಳು.

ಮಧ್ಯಾಹ್ನ ತಿರುಗುವ ಹೊತ್ತಿಗೆ ಮೊದಲನೆಯದು ಬಂತು. ಹೆಣ್ಣು. ಕಿರುಚಿತು. ರಂಗಕ್ಕ ಹೊಕ್ಕುಳ ಹತ್ತಿರ ಒಂದು ಗಂಟು ಹಾಕಿದಳು.

"ಕೊಯ್ಯೇ, ಯಾಕೆ ಕುಂತೆ? ಇನ್ನೊಂದು ಬರಬೇಕು," ಎಂದಳು ಪುಟ್ಟಗೌರಮ್ಮ.

ಎರಡನೆಯ ಗಂಟಿಗೆ ದಾರ ನಿಲ್ಲಲಿಲ್ಲ. ಬಳ್ಳಿ ಜಾರಿತು. ಸೀರೆಗೆ ಕೈ ಒರೆಸಿಕೊಂಡು ಮತ್ತೆ ಸುತ್ತಿ, ಉಸಿರು ಕಟ್ಟಿ ಎಳೆದಳು. ನಡುವೆ ಕೊಯ್ದಳು. ತಾಯಿಯ ಕಡೆಯ ತುದಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತಳು. ತುದಿಯಲ್ಲಿ ಕೆಂಪಗೆ ಒಂದು ಹನಿ ಕಟ್ಟಿತು. ಹನಿ ಅಲ್ಲೇ ನಿಂತಿತು. ಕೆಳಗೆ ಬೀಳಲಿಲ್ಲ.

ಚಿಕ್ಕಗೌರಮ್ಮ ಸುಮ್ಮನಾದಳು. ನೋವೇ ನಿಂತುಹೋಯಿತು. ಹೊಸ್ತಿಲ ಮೇಲಿನ ಬಿಸಿಲು ಒಳಕ್ಕೆ ಸರಿಯಿತು. ಈರಣ್ಣ ಬಾಗಿಲಾಚೆ ಓಡಾಡುವ ಸದ್ದು. ಕೇರಿಯ ತಮಟೆ ಇಲ್ಲಿಗೂ ಕೇಳುತ್ತಿತ್ತು. ಕೊನೆಗೆ ನೋವು ಮರಳಿತು. ಎರಡನೆಯದು ಕಾಲು ಮುಂದಾಗಿ ಬಂತು. ಇದೂ ಹೆಣ್ಣು, ಮೈ ಕೆಂಪಗಿತ್ತು, ಸದ್ದಿಲ್ಲ. ರಂಗಕ್ಕ ಬಾಯಿ ಒರೆಸಿ ಬೆನ್ನು ತಿಕ್ಕಿದಳು, ಮತ್ತೆ ತಿಕ್ಕಿದಳು.

ಅತ್ತಿತು.

ಪುಟ್ಟಗೌರಮ್ಮ ಗೋಡೆಗೊರಗಿದಳು. "ನಿಮ್ಮವ್ವನೂ ಹಂಗೇ ಎರಡೆರಡು ಗಂಟು ಹಾಕೋಳು. ಎಲ್ಲಿ ಕಲ್ತಿದ್ಲೇ ಅದ?"

"ನಿಮ್ಮ ಅಟ್ಟದ ಕೆಳಗೇ ಕಣ್ರವ್ವ."

ಮುದುಕಿ ಗೋಡೆ ಬಿಟ್ಟು ಸರಿದು, ಕೂಸಿಗೆ ಬಟ್ಟೆ ಹೊದಿಸಿದಳು.

*

ರಂಗಕ್ಕ ಮರಳುವ ಹೊತ್ತಿಗೆ ತೆಂಗಿನ ನೆರಳುಗಳು ಕೇರಿಯವರೆಗೂ ಚಾಚಿದ್ದವು. ಚಟ್ಟ ಕಟ್ಟಿ ಆಗಿತ್ತು. ಏನಾಯಿತೆಂದು ಮಾರಯ್ಯ ಕಣ್ಣಲ್ಲೇ ಕೇಳಿದ.

"ಎರಡೂ ಅವೆ."

ಅವಳು ಅವ್ವನ ಬಾಯಿಗೆ ಅಕ್ಕಿ ಹಾಕಿದಳು. ಹೊರುವವರು ಬಗ್ಗಿದರು. ತಾಳಿ ಎಂದು ಕೈ ತೋರಿಸಿ ಕಾಲ ಹತ್ತಿರ ಕೂತಳು. ಹೆಬ್ಬೆರಳ ಮೇಲೆ ಮಾರಯ್ಯನ ಗಂಟು ಒಂದೇ ಇತ್ತು, ದಾರದ ಎರಡು ತುದಿ ಹೊರಗೆ ನೇತಾಡುತ್ತಿದ್ದವು. ಆ ತುದಿಗಳನ್ನು ಜೋಡಿಸಿ, ಮೊದಲನೆಯದರಿಂದ ಒಂದು ಬೆರಳು ಜಾಗ ಬಿಟ್ಟು, ಇನ್ನೊಂದು ಗಂಟು ಹಾಕಿ ಬಿಗಿಯಾಗಿ ಎಳೆದಳು.