ಎರಡು ಬೆಲ್

ಮುರಿದ ಬೇಲಿಯ ತಿರುವಿನಲ್ಲಿ ಡ್ರೈವರು ನಿಂತುಬಿಟ್ಟಿದ್ದ. ಬಲಗಾಲು ಮುಂದಿತ್ತು. ಎಡಗಾಲು, ತಾನೇ ಮಣ್ಣಿನಲ್ಲಿ ಎಳೆದ ಗೆರೆಯ ತುದಿಯಲ್ಲಿ ಹಿಂದೆ ಉಳಿದಿತ್ತು. ಅವನ ಸೊಂಟಕ್ಕೆ ಬಿಗಿದ ಪಟ್ಟಿಯ ಕುಣಿಕೆ ಹಿಂದೆ ನಿಂತ ಹೆಂಡತಿಯ ಮುಷ್ಟಿಯಲ್ಲಿತ್ತು. ಅವಳು ಅವನ ಬೆನ್ನಿನ ಏರಿಳಿತ ನೋಡುತ್ತ, ಉಸಿರು ಹದಕ್ಕೆ ಬರುವವರೆಗೆ ಕಾದು, ಪಟ್ಟಿಯನ್ನು ಮೆಲ್ಲಗೆ ಎರಡು ಸಲ ಎಳೆದಳು. ಅವನು ಹೊರಟ.

ಒಂದು ಎಳೆದರೆ ನಿಲ್ಲುವುದು, ಎರಡು ಎಳೆದರೆ ಹೊರಡುವುದು. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅರ್ಧ ಆಯುಷ್ಯ ಬಸ್ಸಿನ ಸ್ಟೇರಿಂಗು ಹಿಡಿದವನು, ಹಿಂದಿನಿಂದ ಕಂಡಕ್ಟರು ಹಗ್ಗ ಎಳೆದು ಬೆಲ್ ಹೊಡೆದಂತೆ ನಿಲ್ಲುತ್ತ ಹೊರಡುತ್ತ ತಲೆ ನರೆಸಿಕೊಂಡವನು. ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋದ ಮೇಲೆ ಆಸ್ಪತ್ರೆಯಲ್ಲಿ ನಡಿಗೆ ಕಲಿಸುವ ಹುಡುಗಿ "ಕಾಲೆತ್ತಿ, ನಿಲ್ಲಿ, ಈಗ ಮುಂದೆ" ಎಂದರೆ ಅವನು ತಬ್ಬಿಬ್ಬಾಗುತ್ತಿದ್ದ. ಮಾತು ತಲೆಗೆ ಹೋಗಿ ಕಾಲಿಗೆ ಇಳಿಯುವಷ್ಟರಲ್ಲಿ ದಾರಿ ತಪ್ಪುತ್ತಿತ್ತು. ಹೆಂಡತಿ ಸ್ಕೂಲ್ ಬ್ಯಾಗು ಹೊಲಿಯುವ ಕಾರ್ಖಾನೆಯಲ್ಲಿ ಪಟ್ಟಿ ಕೂಡಿಸುವವಳು. ಒಂದು ದಿನ ಬ್ಯಾಗಿನ ಪಟ್ಟಿಯಲ್ಲೇ ಸೊಂಟಕ್ಕೊಂದು ಬೆಲ್ಟು ಮಾಡಿ, ಹಿಂದೆ ಕುಣಿಕೆಯಿಟ್ಟು, ಆನೆ ಎಳೆದರೂ ಕೀಳದ ಹಾಗೆ ಹೊಲಿಗೆ ಮೇಲೆ ಹೊಲಿಗೆ ಹಾಕಿ ತಂದಳು. ಕಟ್ಟಿ, ಸುಮ್ಮನೆ ತಮಾಷೆಗೆಂದು ಎರಡು ಸಲ ಎಳೆದಳು. ಕಾಲು ತಾನಾಗಿ ಎದ್ದಿತು. ಅವತ್ತು ಇಬ್ಬರೂ ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಮಕ್ಕಳ ಹಾಗೆ ನಕ್ಕಿದ್ದರು.

ಅಂದಿನಿಂದ ಅವಳಿಗೆ "ಕಂಡಕ್ಟ್ರೇ" ಎಂಬ ಹೆಸರು ಬಿತ್ತು. ಊರ ಹಿಂದಿನ ಗುಡ್ಡದ ಕಾಲುದಾರಿ ಅವರ ರೂಟು. ಕೆಳಗಿನ ನಲ್ಲಿ ಮೊದಲ ಸ್ಟಾಪು, ಒಣಗಿದ ಮರ ಎರಡನೆಯದು, ಮುರಿದ ಬೇಲಿ ಮೂರನೆಯದು. ಗುಡ್ಡದ ನೆತ್ತಿಯ ಚಪ್ಪಟೆ ಬಂಡೆ ಕೊನೇ ಸ್ಟಾಪು. ಅಲ್ಲಿಂದ ಬಸ್ ಡಿಪೋ ಕಾಣುತ್ತದೆಂದು ಯಾರೋ ಅವನಿಗೆ ಹೇಳಿದ್ದರು. ಬೆಳಗಿನ ಗಾಡಿಗಳು ಸಾಲಾಗಿ ಗೇಟು ದಾಟುವುದನ್ನು ಮೇಲಿನಿಂದ ನೋಡಬೇಕು, ತನ್ನ ಕಾಲಿನಲ್ಲೇ ಹತ್ತಿ ನೋಡಬೇಕು ಎಂಬುದೊಂದೇ ಅವನ ಆಸೆ. ಅದು ಈಡೇರುವವರೆಗೆ ಮಂಚ ಬೇಡ, ಕುರ್ಚಿ ಬೇಡ ಎಂದು ಹಟ ಹಿಡಿದಿದ್ದ. ಇತ್ತೀಚೆಗೆ ಬೇಲಿಯ ತಿರುವು ದಾಟುವಷ್ಟಾಗಿತ್ತು. ಬಂಡೆ ಕಣ್ಣಿಗೆ ಬೀಳುತ್ತಿತ್ತು.

ಆ ದಾರಿಯ ಬುಡದಲ್ಲಿ ನಾಯಿಗಳನ್ನು ಪಟ್ಟಿ ಹಾಕಿ ಹಿಡಿದುಕೊಂಡು ಬರಬೇಕೆಂದು ಬೋರ್ಡಿದೆ. ಓದಲು ಬಾರದವು ನಾಯಿಗಳು ಮಾತ್ರ ಎಂದು ನಾವು ತಿಳಿದಿರುತ್ತೇವೆ. ಬಂದವರೆಲ್ಲ ಬೋರ್ಡಿನ ಕೆಳಗೇ ನಿಂತು, ಬಗ್ಗಿ, ಕೊಕ್ಕೆ ಬಿಚ್ಚಿ, ನಾಯಿಯ ಬೆನ್ನು ತಟ್ಟಿ ಓಡಿಸುವುದನ್ನು ಅವಳು ದಿನವೂ ನೋಡುತ್ತಿದ್ದಳು. ಅವರಲ್ಲಿ ಬಿಳಿ ಬೂಟಿನವನೊಬ್ಬನಿದ್ದ. ಕಂದು ಬಣ್ಣದ, ಕರುವಿನಷ್ಟು ದೊಡ್ಡ ನಾಯಿ ಅವನದು. ಅದರ ಹೆಸರು ಮುದ್ದು. ಬಿಚ್ಚಿದ ಪಟ್ಟಿಯನ್ನು ಅವನು ತನ್ನ ಕೊರಳಿಗೇ ಹಾಕಿಕೊಂಡು ನಡೆಯುತ್ತಿದ್ದ.

"ಯಾರು ಯಾರನ್ನ ಸಾಕ್ಕೊಂಡಿದ್ದಾರೋ," ಎಂದಿದ್ದಳು ಅವಳು ಗಂಡನ ಕಿವಿಯಲ್ಲಿ.

"ನಾಯಿಗಿಲ್ಲದ ಪಟ್ಟಿ ನನಗಿದೆಯಲ್ಲ, ನಾನೇ ಮೇಲು," ಎಂದು ಅವನು ತೊದಲಿ ನಕ್ಕಿದ್ದ.

ಒಮ್ಮೆ ಅವಳು ಬಿಳಿ ಬೂಟಿನವನನ್ನು ನಿಲ್ಲಿಸಿ, ಇವರಿಗೆ ಮೈ ಸರಿಯಿಲ್ಲ, ನಾವು ಹತ್ತುವಾಗಷ್ಟೇ ಸ್ವಲ್ಪ ಹಿಡಿದುಕೊಳ್ಳಿ ಎಂದು ಕೇಳಿಕೊಂಡಿದ್ದಳು. ಅವನು ಒರಟನಲ್ಲ. ನಗುತ್ತಲೇ, ಅದು ಏನೂ ಮಾಡಲ್ಲಮ್ಮ, ಆಟಕ್ಕೆ ಬರುತ್ತೆ ಅಷ್ಟೆ, ನೀವು ಹೆದರಿದರೆ ಅದಕ್ಕೆ ಗೊತ್ತಾಗಿಬಿಡುತ್ತೆ ಎಂದು ಬುದ್ಧಿ ಹೇಳಿ ಹೋಗಿದ್ದ. ಹೆದರಿಕೆ ಅವಳ ತಪ್ಪು ಎನ್ನುವ ಹಾಗಿತ್ತು ಅವನ ಮಾತು.

ಆ ದಿನ ತಿರುವು ದಾಟಿ, ಬಂಡೆಗೆ ಇನ್ನೊಂದು ಕೂಗಳತೆ ಇರುವಾಗ, ಮೇಲಿನಿಂದ ಜಲ್ಲಿಕಲ್ಲು ಉರುಳಿದ ಸದ್ದಾಯಿತು. ಮುದ್ದು ಇಳಿಜಾರಿನಲ್ಲಿ ಕಿವಿ ಹಿಂದಕ್ಕೆ ಹಾಕಿಕೊಂಡು ನೇರ ಅವರ ಕಡೆಗೇ ಬರುತ್ತಿತ್ತು. ಡ್ರೈವರು ಅದನ್ನು ಕಂಡು ತಾನಾಗಿಯೇ ನಿಂತ. ಅವಳು ನಿಲ್ಲಿ ಎನ್ನಲೆಂದೇ ಪಟ್ಟಿ ಎಳೆದಳು. ಬೆವರಿದ ಅಂಗೈಯಲ್ಲಿ ಕುಣಿಕೆ ಜಾರಿತು. ಮತ್ತೆ ಗಬಕ್ಕನೆ ಹಿಡಿದು ಎಳೆದಳು.

ಎರಡಾಯಿತು.

ಅವನು ನಾಯಿಯನ್ನು ನೋಡುತ್ತಲೇ ಬಲಗಾಲೆತ್ತಿದ. ಮೈಭಾರವೆಲ್ಲ ಎಡಗಾಲಿನ ಮೇಲೆ ಬಿದ್ದ ಹೊತ್ತಿಗೆ ಮುದ್ದು ಅವನ ಎದುರಿಗೇ ಪಕ್ಕಕ್ಕೆ ಸರಿದು ಓಡಿತು. ಅವನು ವಾಲಿದ. ಅವಳ ಹೊಲಿಗೆ ಕೀಳಲಿಲ್ಲ. ಕುಣಿಕೆ ಹಿಡಿದ ಅವಳನ್ನೂ ಎಳೆದುಕೊಂಡೇ ನೆಲಕ್ಕೆ ಬಿದ್ದ. ನಾಯಿ ತಿರುಗಿ ಬಂದು, ಬಾಲ ಆಡಿಸುತ್ತ, ಬಿದ್ದವನ ಕಿವಿ ನೆಕ್ಕಿತು. ಮೇಲಿನಿಂದ ಬಿಳಿ ಬೂಟಿನವನ ದನಿ ನಿಧಾನವಾಗಿ ಇಳಿದುಬಂತು: "ಏನೂ ಮಾಡಲ್ಲ, ಏನೂ ಮಾಡಲ್ಲ."

ಸೊಂಟದ ಮೂಳೆ ಮುರಿದಿತ್ತು. ಡಾಕ್ಟರು ಕಬ್ಬಿಣ ಹಾಕಿ ಕೂಡಿಸಿದರು, ಕೂಡಿತು ಕೂಡ. ಆದರೆ ಅಷ್ಟು ತಿಂಗಳು ಗೋಗರೆದು ಎಬ್ಬಿಸಿದ್ದ ಎಡಗಾಲು ಮಲಗಿದ ಮೇಲೆ ಮತ್ತೆ ಏಳಲೇ ಇಲ್ಲ. ಇನ್ನು ನಿಲ್ಲಿಸುವ ಪ್ರಯತ್ನ ಬೇಡ, ಮಂಚದಲ್ಲೇ ಆರಾಮಾಗಿ ನೋಡಿಕೊಳ್ಳಿ ಎಂದರು ಡಾಕ್ಟರು. ಆರಾಮು ಎಂಬ ಮಾತು ಅಷ್ಟು ಕೆಟ್ಟದಾಗಿ ಕೇಳಬಹುದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಬಿಳಿ ಬೂಟಿನವನು ಹಣ್ಣು ಹಿಡಿದು ಆಸ್ಪತ್ರೆಗೆ ಬಂದ. ಎದ್ದು ಹೋಗುವಾಗ ಅವಳ ಕಡೆ ತಿರುಗಿ, "ನಮ್ಮದು ಮುಟ್ಟಲೇ ಇಲ್ಲ. ಅವರೇ ಕಾಲು ಮುಂದಿಟ್ಟರು. ನೀವೇ ನೋಡಿದ್ರಲ್ಲ," ಎಂದ.

"ಹೌದು," ಎಂದಳು.

ಪಕ್ಕದಲ್ಲಿದ್ದ ನಾದಿನಿಗೆ ಮೈಯೆಲ್ಲ ಉರಿದುಹೋಯಿತು. ಅವನು ಹೋದ ಮೇಲೆ, ಅತ್ತಿಗೆ, ನಿಮ್ಮ ಬಾಯಲ್ಲಿ ಹೌದು ಅನ್ನೋದು ಯಾಕೆ ಬಂತು, ನಾಯಿ ಬಿಟ್ಟವನು ಅವನು, ಪೋಲೀಸಿಗೆ ಹೇಳೋಣ, ಊರಿಗೆಲ್ಲ ಹೇಳೋಣ ಎಂದು ಹಾರಾಡಿದಳು. ನಾದಿನಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಡ್ರೈವರು ಹಾಸಿಗೆಯಿಂದಲೇ ಕೈಯೆತ್ತಿ, ಯಾರದೂ ಏನಿಲ್ಲ, ನನ್ನ ಕಾಲು ಹೊರಳಿತು ಅಷ್ಟೆ ಎಂದು ಮಾತು ಮುಗಿಸಿಬಿಟ್ಟ. ಬಂದವರಿಗೆಲ್ಲ ಅವನದು ಅದೇ ಉತ್ತರ. ಕಾಲು ಹೊರಳಿತು.

ಹೆಂಡತಿಗೂ ಬಿಳಿ ಬೂಟಿನವನ ಮೇಲೆ ಸಿಟ್ಟಿತ್ತು. ಪೂರ್ತಿ ಸಿಟ್ಟು ಬಂದಿದ್ದರೆ ಎದೆ ಹಗುರಾಗುತ್ತಿತ್ತೇನೋ. ಆದರೆ ಅವನನ್ನು ಬೈಯಲು ಹೊರಟಾಗಲೆಲ್ಲ ತನ್ನ ಬಲಗೈ ಕಣ್ಣಿಗೆ ಬೀಳುತ್ತಿತ್ತು. ಮೂವತ್ತು ವರ್ಷ ಪಟ್ಟಿ ಹೊಲಿದ ಕೈ. ಒಂದು ಹೊಲಿಗೆ ತಪ್ಪದ ಕೈ ಎಂದು ಕಾರ್ಖಾನೆಯಲ್ಲಿ ಹೆಸರು. ಅವಳು ಕಾರ್ಖಾನೆಯ ಕೆಲಸ ಬಿಟ್ಟು, ಒಂದು ಹೊಲಿಗೆ ಮಶೀನನ್ನು ಮನೆಯ ಮುಂದಿನ ಕೋಣೆಗೆ ತಂದಳು. ಸೊಂಟದ ಬೆಲ್ಟನ್ನು ಬಿಚ್ಚಿ, ಅದಕ್ಕೆ ಮತ್ತಷ್ಟು ಪಟ್ಟಿ ಕೂಡಿಸಿ, ಒಂದು ತುದಿಯನ್ನು ಒಳಕೋಣೆಯ ಮಂಚಕ್ಕೆ, ಅವನ ಬಲಗೈಗೆ ಸಿಗುವಂತೆ ಕಟ್ಟಿದಳು. ಇನ್ನೊಂದು ತುದಿಗೆ ಹಳೇ ಬಕಲುಗಳ ಗೊಂಚಲು ಕಟ್ಟಿ ಮಶೀನಿನ ಪಕ್ಕ ನೇತುಹಾಕಿದಳು. ಅವನು ಎಳೆದರೆ ಗಲ್ ಎನ್ನುತ್ತಿತ್ತು. ನೀರಿಗೆ ಒಂದು, ಮಗ್ಗುಲು ಬದಲಿಸಲು ಒಂದು, ಸೆಕೆಗೆ ಒಂದು. ಯಾವಾಗಲೂ ಒಂದೇ. ಮಶೀನು ತುಳಿಯುವುದನ್ನು ನಿಲ್ಲಿಸಿ ಅವಳು ಏಳುತ್ತಿದ್ದಳು.

ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು. ಅವನ ಮೈ ಒರೆಸುವಾಗ, ತಲೆ ಬಾಚುವಾಗ, ಆ ಎರಡನೇ ಎಳೆತದ ಮಾತು ನಾಲಿಗೆಯ ತುದಿಯವರೆಗೆ ಬಂದು ಹಿಂದಿರುಗುತ್ತಿತ್ತು.

ಒಂದು ಬೆಳಿಗ್ಗೆ ಬಕಲು ಗಲ್ ಎಂದಿತು. ಅವಳು ಏಳುವಷ್ಟರಲ್ಲಿ ಮತ್ತೆ ಗಲ್ ಎಂದಿತು.

ಹೋಗಿ ಬಾಗಿಲಲ್ಲಿ ನಿಂತಳು. ಅವನು ಪಟ್ಟಿ ಹಿಡಿದುಕೊಂಡೇ ಅವಳನ್ನು ನೋಡುತ್ತಿದ್ದ.

"ಏನು ಬೇಕು?"

"ಏನೂ ಬೇಡ. ಹೊರಡು."

"ಎಲ್ಲಿಗೆ?"

"ಕೊನೇ ಸ್ಟಾಪಿಗೆ. ಡಿಪೋ ಕಾಣುತ್ತಾ ನೋಡ್ಕೊಂಡು ಬಾ. ತಂಗಿ ಬರ್ತಾಳೆ, ಹೇಳಿದೀನಿ."

ಅವಳು ಮಂಚದ ಅಂಚಿನಲ್ಲಿ ಕೂತಳು. ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ರೀ, ಅವತ್ತು ನಾನು..."

"ಗೊತ್ತು," ಎಂದ ಅವನು. ಮುಂದಿನ ಮಾತು ಜೋಡಿಸಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಎರಡು ಬೆಲ್ ಬಿತ್ತು, ಹೊರಟೆ. ಕಂಡಕ್ಟರ್ ಮಾತು ಮೀರಿದ ಡ್ರೈವರ್ ಅಲ್ಲ ನಾನು."

ಮುಖದ ಬಲಭಾಗ ಮಾತ್ರ ನಕ್ಕಿತು. ಅವಳಿಗೆ ನಗು ಬರಲಿಲ್ಲ. ಅಷ್ಟು ದಿನ ಅವನಿಗೆ ಗೊತ್ತಿರಲಿ ಎಂದು ಬಯಸಿದ್ದಳು. ಗೊತ್ತಿತ್ತು ಎಂದು ತಿಳಿದ ಮೇಲೆ ಅಲ್ಲಿ ಕೂರಲಾಗಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟಳು.

ಒಬ್ಬಳೇ ಹತ್ತುವುದು ಅವಳಿಗೆ ಬರುತ್ತಲೇ ಇರಲಿಲ್ಲ. ಎಷ್ಟು ಬೇಗ ನಡೆಯಬೇಕೆಂದು ಕಾಲಿಗೆ ಗೊತ್ತಾಗಲಿಲ್ಲ. ನಲ್ಲಿಯ ಬಳಿ ನಿಂತಳು, ಒಣಗಿದ ಮರದ ಬಳಿ ನಿಂತಳು, ಯಾರದೋ ಉಸಿರು ಹದಕ್ಕೆ ಬರಲಿ ಎಂದು ಕಾದಳು. ದಾರಿಯ ಮಣ್ಣಿನಲ್ಲಿ ಎಡಗಾಲಿನ ಗೆರೆ ಇರಲಿಲ್ಲ. ಬೂಟುಗಳ ಗುರುತೂ ನಾಯಿಯ ಪಂಜಗಳ ಗುರುತೂ ಬೇಕಾದಷ್ಟಿದ್ದವು.

ಮುರಿದ ಬೇಲಿಯ ತಿರುವು ದಾಟಿದಾಗ ಬಂಡೆ ಕಂಡಿತು. ಅದರ ಆಚೆ, ಕೆಳಗೆಲ್ಲೋ, ಬಸ್ಸೊಂದು ಹಾರನ್ ಹೊಡೆಯಿತು. ಅಷ್ಟರಲ್ಲಿ ಜಲ್ಲಿ ಉರುಳಿತು. ಮುದ್ದು ಇಳಿಜಾರಿನಲ್ಲಿ ಕಿವಿ ಹಿಂದಕ್ಕೆ ಹಾಕಿಕೊಂಡು ಬರುತ್ತಿತ್ತು. ಅದರ ಹಿಂದೆ ದೂರದಲ್ಲಿ, ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ ಬಿಳಿ ಬೂಟಿನವನು ಬರುತ್ತಿದ್ದ.

ಅವಳ ಬಲಗೈ ತಾನಾಗಿ ಸೊಂಟದ ಎತ್ತರಕ್ಕೆ ಎದ್ದು, ಮುಷ್ಟಿಯಾಗಿ, ಬರಿಗಾಳಿಯನ್ನು ಒಂದು ಸಲ ಎಳೆಯಿತು.

ನಾಯಿ ಅವಳ ಪಕ್ಕದಿಂದಲೇ ಸರಿದು ಕೆಳಕ್ಕೆ ಓಡಿಹೋಯಿತು. ಬಿಳಿ ಬೂಟಿನವನು ಹತ್ತಿರ ಬಂದು, ಗಂಡನಿಲ್ಲದೆ ಒಬ್ಬಳೇ ನಿಂತ ಅವಳ ಗುರುತು ಹಿಡಿಯದೆ, "ನೋಡಿದ್ರಾ, ಏನೂ ಮಾಡಲ್ಲ," ಎಂದು ನಕ್ಕು ಇಳಿದುಹೋದ. ಅವಳು ಎದುರಿನ ಖಾಲಿ ದಾರಿಯನ್ನು ನೋಡುತ್ತ ಅಲ್ಲೇ ನಿಂತಿದ್ದಳು. ಮುಷ್ಟಿ ಇನ್ನೂ ಬಿಗಿಯಾಗಿತ್ತು. ಅದು ಎರಡನೆಯ ಸಲ ಎಳೆಯಲಿಲ್ಲ.