ಕನ್ನಡದಲ್ಲಿ ಕೇಳಿದ್ದು

ಬೂಟಿನೊಳಗೆ ಮತ್ತೆ ಆ ಕರೀ ರಬ್ಬರಿನ ಕಾಳು, ಈ ಕೃತಕ ಹುಲ್ಲಿನ ಮೈದಾನದ ಪಾಡೇ ಹೀಗೆ, ಮನೆವರೆಗೂ ಬರುತ್ತವೆ, ಕೊಡವೋಣವೆಂದು ರಾಜಶೇಖರ ಬಗ್ಗಿದ, ಬಗ್ಗಿದರೆ ಬಲಮೊಣಕಾಲು ಚುಳ್ಳೆಂದಿತು — ಎಂಬತ್ತೊಂಬತ್ತರಲ್ಲಿ ಬೆಂಗಳೂರಿನ ಕಾಲೇಜು ಫುಟ್‌ಬಾಲ್ ಟೀಮಿನಲ್ಲಿ ಕೆಟ್ಟ ಕಾಲು, ಬ್ಯಾಂಡೇಜ್ ಬಿಗಿಯಾಗಿ ಸುತ್ಕೊಂಡು ಆಡೋ, ಫೈನಲ್ ಕಣೋ ಇದು, ಎಂದಿದ್ದರು ಕೋಚ್ ರಮಾನಂದ ಸರ್, ಸರ್‌ಗೆ ಆಗಲ್ಲ ಅನ್ನುವುದುಂಟೆ, ಆಡಿದ, ಅದೇ ಕೊನೆಯ ಆಟ, ಆಮೇಲೆ ಸ್ವೀಡನ್ನಿನ ಉಪ್ಸಾಲಾದಲ್ಲಿ ಪಿಎಚ್‌ಡಿ, ಸೊಲ್ಲೆಂಟುನಾದಲ್ಲಿ ಮನೆ, ಶನಿವಾರ ಶನಿವಾರ ಈ ಹದಿಮೂರರ ಹುಡುಗಿಯರಿಗೆ ತಾನೇ ಕೋಚ್, ಕೋಚ್ ಆಗಿಯೇ ಹದಿನೆಂಟು ವರ್ಷವಾಯಿತು, ಕಾಲು ಮರೆತಿಲ್ಲ. ನೋವಿನ ಕಾಲಲ್ಲಿ ಆಡಿದರೆ ಏನಾಗುವುದೆಂದು ಗೊತ್ತಿತ್ತಲ್ಲ, ಎಲ್ಲರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಇಲ್ಲಿನ ಮಕ್ಕಳು ಸಲೀಸಾಗಿ ನೇಯ್, ಇಲ್ಲ, ಅನ್ನುತ್ತವೆ, ಸುಸ್ತಾಯಿತು ರಾಜ್, ನಾನು ಆಡಲ್ಲ, ಹೆಸರು ಹಿಡಿದೇ ಹೇಳಿ ಬೆಂಚಿಗೆ ಹೋಗಿ ಬಾಳೆಹಣ್ಣು ಸುಲಿಯುತ್ತವೆ, ಯಾರೂ ಬೈಯುವುದಿಲ್ಲ — ನೇಹಾ ಹಾಗಲ್ಲ, ಕಿರಿಯ ಗೆಳೆಯ ಗೋಪೀನಾಥನ ಮಗಳು, ಅವಳಿಗೆ ಅವನು ಅಂಕಲ್, ಯುಗಾದಿಯ ದಿನ ಕಾಲಿಗೆ ನಮಸ್ಕಾರ ಮಾಡಬೇಕಾದ ಅಂಕಲ್. ಹೋದ ತಿಂಗಳು ಮೊಣಕಾಲು ಹಿಡಿದು ಕೂತಿದ್ದಳು, ಟೀಮು ಒಂದು ಗೋಲು ಹಿಂದಿತ್ತು, ಜೊತೆಯ ಕೋಚ್ ಬಿರ್ಗಿಟ್ಟಾ ಸಾಕು, ಅವಳನ್ನು ಕೂರಿಸು ಅಂದಳು, ಬಿರ್ಗಿಟ್ಟಾಗೆ ತಿಳಿಯದಿರಲೆಂದೇ ಕನ್ನಡದಲ್ಲಿ ಕೇಳಿದ, ಇನ್ನ್ ಹತ್ತೇ ನಿಮಿಷ ಪುಟ್ಟಿ, ಅಂಕಲ್‌ಗೋಸ್ಕರ, ಆಡ್ತೀಯಲ್ವಾ, ನೇಹಾ ತುಟಿ ಕಚ್ಚಿ ಹೂಂ ಎಂದು ತಲೆಯಾಡಿಸಿದಳು, ಏನಂತೆ ಎಂದಳು ಬಿರ್ಗಿಟ್ಟಾ, ನೋವಿಲ್ಲವಂತೆ ಎಂದ. ನೋವಿಲ್ಲವಂತೆ! ಬಸ್ಸಿನಲ್ಲಿ, ಆಫೀಸಿನಲ್ಲಿ, ಊಟದ ತಟ್ಟೆ ಮುಂದೆ ಅದೇ, ಆ ಪುಟ್ಟ ಗದ್ದ ಕೆಳಗೆ ಹೋಗಿ ಮೇಲೆ ಬಂದದ್ದು. ಅಗೋ ಗೋಪೀನಾಥನ ಕಾರು, ಊರುಗೋಲು ಊರಿ ಇಳಿಯುತ್ತಿದ್ದಾಳೆ, ಲಿಗಮೆಂಟ್ ಪೂರ್ತಿ ಹರಿದಿತ್ತು, ಆಪರೇಷನ್ ಆಗಿದೆ, ಇನ್ನು ಆಡುವುದು ಅನುಮಾನವಂತೆ, ಆದರೂ ಮ್ಯಾಚ್ ನೋಡಲು ಬಂದಿದ್ದಾಳಲ್ಲ ಮಗು, ಗೋಪೀನಾಥ ಡಬ್ಬಿ ಚಾಚುತ್ತಾನೆ, ತಗೊಳಿ ಸರ್, ಫಿಕಾಗೆ, ಕಾಫಿ ಜೊತೆಗಿರ್ಲಿ ಅಂತ ಇವಳಮ್ಮ ಊರ್ಮಿಳಾ ಕೋಡುಬಳೆ ಮಾಡಿದಾಳೆ, ಯಾಕ್ ಸರ್ ಸಪ್ಪಗಿದೀರಾ, ಇವಳದ್ದೇ ತಪ್ಪು ಬಿಡಿ, ನೋವಿದ್ರೂ ನಿಮ್ಮತ್ರ ಬಾಯೇ ಬಿಟ್ಟಿಲ್ವಂತೆ, ಬಿಟ್ಟಿದ್ರೆ ನೀವು ಆಡಿಸ್ತಿದ್ರಾ — ಈಗ ಹೇಳಬೇಕು, ಈಗಲೇ, ಇಲ್ಲ ಗೋಪಿ, ಅವಳಲ್ಲ, ನಾನು, ಮಾತು ನಾಲಿಗೆಯ ತುದಿಗೆ ಬಂದಿದೆ, ಬಾಯಿ ತೆರೆದ, ಅಷ್ಟರಲ್ಲಿ ಗೋಪೀನಾಥ ಮಗಳ ಕಡೆ ತಿರುಗಿ, ಹೇಳೇ ಅಂಕಲ್‌ಗೆ, ನೀನೇ ಮುಚ್ಚಿಟ್ಟಿದ್ದು ತಾನೆ, ಎಂದ, ನೇಹಾ ರಾಜಶೇಖರನ ಮುಖವನ್ನೇ ನೋಡಿದಳು, ತುಟಿ ಕಚ್ಚಿದಳು, ಗದ್ದ ಕೆಳಗೆ ಹೋಯಿತು, ಮೇಲೆ ಬಂತು, ಕೆಳಗೆ —