ಈದ್ ಆದ ಮೇಲೆ ತೆಗೆಯುವುದು

ರಂಜಾನಿನ ಹತ್ತೊಂಬತ್ತನೆಯ ದಿನ, ಮಧ್ಯಾಹ್ನ ಒಂದು ಗಂಟೆಗೆ, ರಾವ್ದಾ ತನ್ನ ಹೆಸರಿನ ಕಂಪ್ಯೂಟರ್ ಕೋಡಿನಲ್ಲಿ ತಾನು ಬರೆಯದ ಸಾಲೊಂದನ್ನು ಕಂಡಳು. ಪಕ್ಕದಲ್ಲೇ ಟಿಪ್ಪಣಿ: ತಾತ್ಕಾಲಿಕ, ಈದ್ ಆದ ಮೇಲೆ ತೆಗೆಯುವುದು. ತಾರೀಖು ನೋಡಿದಳು. ಹೋದ ವರ್ಷದ ರಂಜಾನ್.

ಅವಳು ಅದನ್ನು ತೆರೆದದ್ದೇ ಒಂದು ಸಹಿಗಾಗಿ. ಗುರುವಾರ ತಪಾಸಣೆಯವರು ಬರುವವರಿದ್ದರು. ‘ಕಳೆದ ಹನ್ನೆರಡು ತಿಂಗಳಲ್ಲಿ ದುರ್ಬಲ ಗೂಢಲಿಪಿ ಬಳಸಿರುವುದಿಲ್ಲ’ ಎಂಬ ಕಾಗದ ಬೆಳಗಿನಿಂದ ಅವಳ ಮೇಜಿನ ಮೇಲೆ ಬಿದ್ದಿತ್ತು. ಸಹಿ ಅವಳದು, ಮೊಹರು ಯಜಮಾನ ತುಹಾಮಿಯದು, ಎಲ್ಲರೂ ಗೌರವದಿಂದ ‘ಸೀ’ ಸೇರಿಸಿ ಕರೆಯುವವನದು.

ಸ್ಫಾಕ್ಸ್ ನಗರದ ಆ ಕಚೇರಿಯಲ್ಲಿ ಹನ್ನೊಂದು ಜನ ಸೇರಿ ಮಾಡುತ್ತಿದ್ದದ್ದು ಒಂದೇ ಕೆಲಸ. ಆಸ್ಪತ್ರೆಗಳ ಯಂತ್ರಗಳು ಒಂದಕ್ಕೊಂದು ಗುಟ್ಟಾಗಿ ಮಾತಾಡಿಕೊಳ್ಳಲು ಬೇಕಾದ ಕೋಡಿನ ಲೈಬ್ರರಿ ಬರೆಯುವುದು. ಎರಡು ಯಂತ್ರಗಳು ಎದುರಾದಾಗ ಮೊದಲು ಯಾವ ಗೂಢಲಿಪಿಯಲ್ಲಿ ಮಾತಾಡೋಣ ಎಂದು ಗೊತ್ತುಮಾಡಿಕೊಳ್ಳುತ್ತವೆ. ಎರಡರ ಹತ್ತಿರವೂ ಒಂದೊಂದು ಪಟ್ಟಿ. ಹೆಚ್ಚು ಬೇಕಾದದ್ದು ಮೇಲೆ, ಬೇಡವಾದದ್ದು ಕೆಳಗೆ. ರಾವ್ದಾ ಗಟ್ಟಿ ಲಿಪಿಗಳನ್ನೆಲ್ಲ ಮೇಲಿಟ್ಟು, ಹಳೇ ಯಂತ್ರಗಳಿಗೆ ಬೇಕಲ್ಲ ಎಂದು ಒಂದು ಮುದಿ ಲಿಪಿಯನ್ನು ತೀರ ಕೆಳಗೆ ತಳ್ಳಿದ್ದಳು. ಒಳ್ಳೆಯ ಕಂಪ್ಯೂಟರು, ಒಂದಷ್ಟು ತಾಳ್ಮೆ ಇದ್ದವರು ಯಾರು ಬೇಕಾದರೂ ಅದನ್ನು ಒಡೆಯಬಹುದಿತ್ತು. ಆದ್ದರಿಂದಲೇ ಅದರ ಕೆಳಗೆ ಇನ್ನೊಂದು ಸಾಲು ಬರೆದಿದ್ದಳು: ಯಾವ ಲಿಪಿ ಎಂಬುದನ್ನು ಆರಿಸುವವರು ನಾವು, ಎದುರಿನ ಯಂತ್ರವಲ್ಲ.

ಈಗ ಆ ಸಾಲು ತಿರುವುಮುರುವಾಗಿತ್ತು. ಎದುರಿನ ಯಂತ್ರ ಏನು ಕೇಳುತ್ತದೋ ಅದಕ್ಕೆ ಹೂಂ ಎನ್ನುವುದು.

ಕಾಗದ ಕೈಯಲ್ಲಿ ಹಿಡಿದೇ ತುಹಾಮಿಯ ಕೋಣೆಗೆ ನುಗ್ಗಿದಳು.

“ಇದನ್ನ ಬದಲಾಯಿಸಿದ್ದು ಯಾರು, ಸೀ ತುಹಾಮಿ?”

ಆತ ಜಪಮಣಿ ಎಣಿಸುತ್ತಿದ್ದ. ಸಿಗರೇಟಿಲ್ಲದ ಹತ್ತೊಂಬತ್ತು ಹಗಲು ಮುಖದ ಮೇಲೆ ಕಾಣುತ್ತಿತ್ತು. “ಮೆತ್ಲಾವಿ ಕ್ಲಿನಿಕ್ಕಿಂದ ವರದಿ ಕಳ್ಸೋ ಪೆಟ್ಟಿಗೆ ಕಣಮ್ಮಾ. ಗಟ್ಟಿ ಲಿಪಿ ಬರುತ್ತೆ ಅಂತ ಬೊಗಳೆ ಬಿಡೋದು, ಶುರು ಮಾಡಿದ್ರೆ ಅರ್ಧಕ್ಕೇ ನಿಂತ್ಹೋಗೋದು. ಅದು ಕೇಳಿದ್ದು ಕೊಟ್ಟೆ, ಸುಮ್ಮನಾಯ್ತು. ನೀನು ರಜದಲ್ಲಿದ್ದೆ.”

“ನನ್ನ ಹೆಸರಲ್ಲಿ?”

“ನಿನ್ನ ಕಂಪ್ಯೂಟರ್ ತೆಗೆದಿತ್ತು.”

“ಈದ್ ಆದ ಮೇಲೆ ತೆಗೀತೀನಿ ಅಂತ ಬರ್ದಿದ್ದೀರಿ. ಆ ಈದೂ ಆಯ್ತು, ಕುರಿ ಕಡಿಯೋ ಈದೂ ಆಯ್ತು. ಒಂದು ವರ್ಷ!”

“ಉಪವಾಸದ ಸಿಟ್ಟು ನಿಂಗೆ. ಎಲ್ರಿಗೂ ಇದ್ದಿದ್ದೇ. ಸಹಿ ಹಾಕು, ಈದ್ ಆಗ್ಲಿ, ಸರಿ ಮಾಡೋಣ.”

ಬಾಗಿಲಲ್ಲಿ ನಿಂತಿದ್ದ ಸಹೋದ್ಯೋಗಿ ಹೈಕಲ್ ಹಲ್ಲು ಕಿರಿದ. “ಜನ್ಮದಲ್ಲಿ ಸಿಗರೇಟು ಮುಟ್ಟಿದೋಳಲ್ಲ, ಸೀ ತುಹಾಮಿ. ಆಡೋದು ನೋಡಿದ್ರೆ ನಿಮಗಿಂತ ಜೋರಾಗಿ ತಲುಬು ಹತ್ತಿರೋ ಹಾಗಿದೆ.”

ಇಬ್ಬರೂ ನಕ್ಕರು. ರಾವ್ದಾಳ ಕಿವಿ ಕಾದವು. ಈ ತಿಂಗಳಲ್ಲಿ ಯಾರು ಯಾಕೆ ಸಿಟ್ಟಾದರೂ ಅದು ಹೊಟ್ಟೆಯ ಲೆಕ್ಕಕ್ಕೇ ಹೋಗುತ್ತದೆ. ಬಾಂಗು ಆಗಿ, ಶೋರ್ಬಾ ಕುಡಿದು, ಗರಿಗರಿಯಾಗಿ ಕರಿದ ಬ್ರಿಕ್ ಮುರಿದು ಬಾಯಿಗಿಟ್ಟರೆ ಎಲ್ಲ ಇಳಿಯುತ್ತದೆ ಎಂದು ಊರಿಗೆ ಊರೇ ನಂಬಿಕೊಂಡಿದೆ.

ಅವಳು ತನ್ನ ಜಾಗಕ್ಕೆ ವಾಪಸು ಬಂದು ಮೆತ್ಲಾವಿಗೆ ಫೋನು ಹಚ್ಚಿದಳು. ಅದು ಅವಳ ಹುಟ್ಟೂರು. ಅಲ್ಲಿಂದ ದಿನಾ ಬರುತ್ತಿದ್ದದ್ದು ಗಣಿ ಕೆಲಸಗಾರರ ಎದೆಯ ವರದಿಗಳು. ಯಾರ ಶ್ವಾಸಕೋಶದಲ್ಲಿ ಎಷ್ಟು ದೂಳು ಕೂತಿದೆ ಎಂಬುದು ಯಾವನಾದರೂ ಗುತ್ತಿಗೆದಾರನಿಗೆ ಮೊದಲೇ ತಿಳಿದರೆ ಅಂಥ ಕೆಲಸಗಾರನ ಗುತ್ತಿಗೆ ಮುಂದಿನ ವರ್ಷಕ್ಕೆ ಮುಂದುವರಿಯುವುದಿಲ್ಲ. ಅದೇ ಗಣಿಯಲ್ಲಿದ್ದ ಅವಳ ಅಣ್ಣ ನಿಜಾರನದೂ ವರ್ಷದ ಗುತ್ತಿಗೆಯೇ.

ಫೋನು ಎತ್ತಿಕೊಂಡವಳು ಪ್ರಯೋಗಾಲಯ ನೋಡಿಕೊಳ್ಳುವ ಮಬ್ರೂಕಾ, ಊರವರಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ.

“ಖಾಲಾ, ನಿಮ್ಮ ಆ ಹಳೇ ಪೆಟ್ಟಿಗೆ ಗಟ್ಟಿ ಲಿಪಿಗೆ ಈಗ್ಲೂ ನಿಂತ್ಹೋಗುತ್ತಾ?”

“ಯಾವ ಹಳೇದು ಮಗಳೇ? ಅದು ಸತ್ತು ಎಂಟು ತಿಂಗಳಾಯ್ತು. ಮೇಲೆ ಹೂವಿನ ಕುಂಡ ಇಟ್ಟಿದೀನಿ. ಈಗಿರೋದು ಹೊಸದು, ಎಲ್ಲಾ ಬರುತ್ತಂತೆ ಅದಕ್ಕೆ.”

ರಾವ್ದಾ ಬೆಳಗಿನ ದಾಖಲೆ ತೆರೆದು ನೋಡಿದಳು. “ಮತ್ತೆ ಇವತ್ತು ಬೆಳಿಗ್ಗೆಯೂ ಅದು ಮುದಿ ಲಿಪೀನೇ ಕೇಳಿದೆಯಲ್ಲ?”

“ಕೇಳ್ದೆ ಇನ್ನೇನು! ಕೂರಿಸೋಕೆ ಬಂದೋನು ಹಳೇ ಪಟ್ಟೀನೇ ಇದ್ದ ಹಾಗೆ ಇಳಿಸ್ಕೊಂಡ. ಮೇಲಿರೋ ಮುದಿ ಲಿಪೀನ ಕೆಳಗೆ ಹಾಕಪ್ಪಾ ಅಂದೆ. ಸ್ಫಾಕ್ಸ್‌ನೋರಿಗೆ ಅದೇ ಬೇಕು ಖಾಲಾ, ಮುಟ್ಟಬೇಡಿ ಅಂದ.”

ಸ್ಫಾಕ್ಸ್‌ನವರು ಮುದಿ ಲಿಪಿಯನ್ನು ಮೆತ್ಲಾವಿಗಾಗಿ ಇಟ್ಟುಕೊಂಡಿದ್ದರು. ಮೆತ್ಲಾವಿಯವರು ಸ್ಫಾಕ್ಸ್‌ಗಾಗಿ. ಎಂಟು ತಿಂಗಳು ಅದು ಯಾರಿಗೂ ಬೇಕಿರಲಿಲ್ಲ, ಒಬ್ಬರೂ ಫೋನೆತ್ತಿ ಕೇಳಿರಲಿಲ್ಲ.

ಮುದಿ ಲಿಪಿಯನ್ನು ಪಟ್ಟಿಯಿಂದಲೇ ಅಳಿಸಿದಳು. ಆರಿಸುವವರು ನಾವು ಎಂಬ ಸಾಲನ್ನು ಮತ್ತೆ ಬರೆದಳು. ಟಿಪ್ಪಣಿಯನ್ನು ಕಿತ್ತಳು. ಪರೀಕ್ಷೆಗಳೆಲ್ಲ ಪಾಸಾದ ಮೇಲೆ ಯಾರನ್ನೂ ಕೇಳದೆ ಸರ್ವರ್‌ಗೆ ಏರಿಸಿದಳು.

“ಖಾಲಾ, ಈಗೊಂದು ವರದಿ ಕಳ್ಸಿ.”

ಹೋಯಿತು, ಗಟ್ಟಿ ಲಿಪಿಯಲ್ಲೇ. ಏನೂ ನಿಲ್ಲಲಿಲ್ಲ, ಏನೂ ಮುರಿಯಲಿಲ್ಲ. ಹತ್ತು ನಿಮಿಷವೂ ಹಿಡಿದಿರಲಿಲ್ಲ. ಏನಾದರೂ ಮುರಿದು ಬಿದ್ದಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಫೋನು ಇಡದೆ, ಕಾಗದದ ಮೇಲಿನ ‘ಬಳಸಿರುವುದಿಲ್ಲ’ ಎಂಬುದನ್ನು ಹೊಡೆದುಹಾಕಿ ‘ಇಂದು ಮಧ್ಯಾಹ್ನದವರೆಗೂ ಬಳಸಲಾಗಿದೆ’ ಎಂದು ಬರೆದು ಸಹಿ ಹಾಕಿದಳು. ರಂಜಾನಿನಲ್ಲಿ ಕಚೇರಿ ಮುಚ್ಚುವ ಎರಡು ಗಂಟೆಯಾಗಿತ್ತು. ಮನೆಗೆ ಹೊರಟ ತುಹಾಮಿ ಅವಳ ಮೇಜಿನ ಹತ್ತಿರ ಬಂದು ಓದಿದ.

“ಹುಚ್ಚು ಹಿಡೀತಾ? ಇದಕ್ಕೆ ನಾನು ಮೊಹರು ಒತ್ತಲ್ಲ.”

“ಒತ್ತಬೇಡಿ.”

“ಮೊಹರಿಲ್ದೆ ಇದು ಬರೀ ಕಾಗದ. ತಪಾಸಣೆಯೋರು ಮುಟ್ಟೋದೂ ಇಲ್ಲ. ಒಳ್ಳೇ ಮಾತಲ್ಲಿ ಹೇಳ್ತಿದೀನಿ ಮಗಳೇ, ಈದ್ ಆಗ್ಲಿ...”

“ಆ ಮಾತು ಇನ್ನೊಂದ್ಸಲ ಅನ್ನಬೇಡಿ!”

ಹೈಕಲ್ ಚೀಲ ಹೆಗಲಿಗೇರಿಸುತ್ತಿದ್ದವನು ಹಾಗೇ ನಿಂತ. ಈ ಸಲ ನಗಲಿಲ್ಲ. ತುಹಾಮಿ ಮೊಹರನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ರಾವ್ದಾ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿದಳು.

“ಖಾಲಾ, ಇದ್ದೀರಾ? ಒಂದು ವಿಷ್ಯ ಹೇಳ್ಬೇಕು. ಹೋದ ವರ್ಷದಿಂದ ನೀವು ಕಳ್ಸಿದ ಎದೆ ವರದಿಗಳನ್ನ ದಾರೀಲಿ ಯಾರು ಬೇಕಾದ್ರೂ ಬಿಚ್ಚಿ ಓದಬಹುದಿತ್ತು. ತಪ್ಪು ಇಲ್ಲೀದು. ಈ ಕಚೇರೀದು.”

“ರಾವ್ದಾ!” ತುಹಾಮಿ ಕೈ ಚಾಚಿದ. ಅವಳು ಫೋನನ್ನು ತನ್ನತ್ತ ಎಳೆದುಕೊಂಡಳು.

ಆ ಕಡೆ ಮಬ್ರೂಕಾ ಕುರ್ಚಿ ಎಳೆದುಕೊಂಡ ಸದ್ದು.

“ಓದಿದಾರಾ?”

“ಗೊತ್ತಿಲ್ಲ ಖಾಲಾ. ಓದಿದ್ರೂ ಗುರುತು ಉಳಿಯಲ್ಲ. ಯಾವತ್ತಿಗೂ ಗೊತ್ತಾಗಲ್ಲ.”

“ಈ ಜನವರೀಲಿ ಹದಿನಾಲ್ಕು ಜನರ ಗುತ್ತಿಗೆ ನಿಲ್ಸಿದ್ರು,” ಎಂದಳು ಮಬ್ರೂಕಾ ನಿಧಾನವಾಗಿ. “ಕಾರಣ ಹೇಳ್ಲಿಲ್ಲ. ಇನ್ನು ನಾನು ಅವರ ಮನೆಮನೆಗೂ ಹೋಗಿ ಹೇಳ್ಬೇಕಲ್ಲ. ತಡಿ, ಪೆನ್ನು ತಗೋತೀನಿ. ಯಾವ ದಿನದಿಂದ?”

ರಾವ್ದಾ ಪರದೆಯ ಮೇಲಿದ್ದ ತಾರೀಖನ್ನು ಒಂದೊಂದಾಗಿ ಬಿಡಿಸಿ ಓದಿದಳು: ದಿನ, ತಿಂಗಳು, ವರ್ಷ.

“ಬದಲಾಯಿಸಿದ್ದು ಯಾರು?”

ತುಹಾಮಿಯ ಕೈ ಜೇಬಿನೊಳಗೆ ಮೊಹರನ್ನು ಬಿಗಿಹಿಡಿದಿತ್ತು.

“ಇಲ್ಲೇ ನಿಂತಿದ್ದಾರೆ,” ಎಂದು ರಾವ್ದಾ ಫೋನನ್ನು ಅವನತ್ತ ತಳ್ಳಿದಳು. “ನೀವೇ ಕೇಳಿ.”